ಕ್ಯಾನ್ಸರ್ ಬೆಂಬಲ ಸೇವೆ: ಬಳಸಿದವರೊಬ್ಬರ ವಿಮರ್ಶೆ

ಕ್ಯಾನ್ಸರ್ ಚಿಕಿತ್ಸೆ ನೀಡುವ ದೊಡ್ಡ ಆಸ್ಪತ್ರೆಗಳಲ್ಲಿ ಹಲವು ಈಗ ಶಸ್ತ್ರಚಿಕಿತ್ಸೆ, ಕೀಮೋ, ರೇಡಿಯೇಶನ್‌ಗಳ ಜೊತೆಗೆ ‘ಬೆಂಬಲ ಮತ್ತು ಸ್ವಾಸ್ಥ್ಯ’ ಎಂಬ ಹೆಸರಿನಲ್ಲಿ ಪ್ರತ್ಯೇಕ ಸೇವೆಯೊಂದನ್ನು ನಡೆಸುತ್ತಿವೆ. ನರ್ಸ್‌ಗಳ ಸಹಾಯವಾಣಿ, ನೋವು ಮತ್ತು ವಾಕರಿಕೆಯ ಉಪಶಮನ, ಫಿಸಿಯೋಥೆರಪಿ, ಆಹಾರ ಸಲಹೆ, ಆಪ್ತಸಮಾಲೋಚನೆ, ರೋಗಿಗಳ ಗುಂಪು, ಧ್ಯಾನ, ಮಸಾಜ್ ಎಲ್ಲವೂ ಒಂದೇ ಸೂರಿನಡಿ ಸಿಗುತ್ತವೆ ಎಂಬುದು ಅವುಗಳ ಆಶ್ವಾಸನೆ. ಸ್ತನ ಕ್ಯಾನ್ಸರಿನ ಚಿಕಿತ್ಸೆಯ ಉದ್ದಕ್ಕೂ, ಅದು ಮುಗಿದ ಮೇಲೆಯೂ, ಇಂಥದೊಂದು ಸೇವೆಯನ್ನು ನಾನು ಬಳಸಿದ್ದೇನೆ. ಕೇಂದ್ರದ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ, ಏಕೆಂದರೆ ಮುಂದೆ ಹೇಳಲಿರುವ ಗುಣದೋಷಗಳಲ್ಲಿ ಹೆಚ್ಚಿನವು ಅಲ್ಲಿನ ಸಿಬ್ಬಂದಿಗೆ ಸೇರಿದವಲ್ಲ, ಇಂಥ ಸೇವೆಗಳನ್ನು ಯೋಜಿಸುವ ಕ್ರಮಕ್ಕೇ ಸೇರಿದವು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಚಿಕಿತ್ಸೆ ನಡೆಯುತ್ತಿರುವಾಗ ಈ ಸೇವೆ ಔಷಧಿಯಷ್ಟೇ ಉಪಯುಕ್ತ, ಚಿಕಿತ್ಸೆ ಮುಗಿದ ಮೇಲೆ ಅದು ಅರ್ಧಕ್ಕೇ ಕೈಬಿಡುತ್ತದೆ, ಮತ್ತು ‘ಸ್ವಾಸ್ಥ್ಯ’ ಎಂಬ ಪದದ ಕೆಳಗೆ ಬರುವ ಎಲ್ಲವೂ ಒಂದೇ ತೂಕದ್ದಲ್ಲ.

ಇಡೀ ಕಾರ್ಯಕ್ರಮದಲ್ಲಿ ಅತ್ಯುತ್ತಮವಾದ ಭಾಗ ಯಾವುದೆಂದು ಕೇಳಿದರೆ, ಕರಪತ್ರದ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುವ ಸಹಾಯವಾಣಿಯ ಸಂಖ್ಯೆಯನ್ನೇ ತೋರಿಸುತ್ತೇನೆ. ಕೀಮೋ ಪಡೆದ ಒಂದರಿಂದ ಎರಡು ವಾರಗಳ ನಡುವೆ ಸಾಮಾನ್ಯವಾಗಿ ಬಿಳಿ ರಕ್ತಕಣಗಳ ಸಂಖ್ಯೆ ತೀರಾ ಕೆಳಗಿಳಿಯುವುದರಿಂದ, ಆ ದಿನಗಳಲ್ಲಿ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ ಜ್ವರವನ್ನು ತುರ್ತುಸ್ಥಿತಿಯೆಂದೇ ಪರಿಗಣಿಸಬೇಕು. ಈ ಸಂಗತಿ ಎಲ್ಲ ರೋಗಿಗಳಿಗೂ ಹೇಳಲ್ಪಡುತ್ತದೆ, ಆದರೆ ರಾತ್ರಿ ಹೊತ್ತಿನಲ್ಲಿ ಥರ್ಮಾಮೀಟರ್ ಹಿಡಿದು ಕುಳಿತಾಗ ‘ಬೆಳಗಿನವರೆಗೆ ನೋಡೋಣ’ ಎಂದುಕೊಳ್ಳುವುದೇ ಮನುಷ್ಯ ಸ್ವಭಾವ. ನಾನು ಕರೆ ಮಾಡಿದಾಗ ಅತ್ತ ಕಡೆಯ ನರ್ಸ್ ಸಮಾಧಾನದ ಮಾತಿನಿಂದ ಆರಂಭಿಸಲಿಲ್ಲ. ಕೊನೆಯ ಕೀಮೋ ಯಾವತ್ತು, ಜ್ವರ ನೋಡಿದ್ದು ಎಷ್ಟು ಹೊತ್ತಿಗೆ, ಅದಕ್ಕೂ ಮೊದಲು ಪ್ಯಾರಾಸಿಟಮಾಲ್ ನುಂಗಿದ್ದೀರಾ, ಚಳಿ ಬಂದು ನಡುಗುತ್ತಿದ್ದೀರಾ, ಪೋರ್ಟ್ (ಔಷಧಿ ಹರಿಸಲು ಚರ್ಮದಡಿ ಕೂರಿಸುವ ಸಾಧನ) ಹಾಕಿದ ಜಾಗ ಕೆಂಪಾಗಿದೆಯೇ, ನೀರು ಕುಡಿದರೆ ಉಳಿಯುತ್ತಿದೆಯೇ, ಜೊತೆಯಲ್ಲಿ ಯಾರಿದ್ದಾರೆ ಎಂದು ಒಂದೊಂದಾಗಿ ಕೇಳಿ, ‘ಈಗಲೇ ಹೊರಡಿ, ತುರ್ತು ವಿಭಾಗಕ್ಕೆ ನಾನು ತಿಳಿಸಿರುತ್ತೇನೆ’ ಎಂದು ಮಾತು ಮುಗಿಸಿದರು. ಪ್ಯಾರಾಸಿಟಮಾಲ್‌ನ ಪ್ರಶ್ನೆ ಏಕೆಂಬುದು ನನಗೆ ಆಮೇಲೆ ತಿಳಿಯಿತು: ಆ ಮಾತ್ರೆ ಜ್ವರವನ್ನು ಇಳಿಸುತ್ತದೆ, ಸೋಂಕನ್ನು ಇಳಿಸುವುದಿಲ್ಲ, ಹಾಗಾಗಿ ಅದನ್ನು ನುಂಗಿ ನೋಡಿದ ಅಂಕಿಯನ್ನು ನಂಬುವಂತಿಲ್ಲ.

ಈ ಬಗೆಯ ವಿಚಾರಣೆಗೆ ಎಷ್ಟು ಬೆಲೆಯಿದೆ ಎಂಬುದನ್ನು ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ದೇಹದ ಇತರ ಭಾಗಗಳಿಗೂ ಹರಡಿದ ಕ್ಯಾನ್ಸರಿಗೆ ಕೀಮೋ ಪಡೆಯುತ್ತಿದ್ದ 766 ರೋಗಿಗಳಲ್ಲಿ ಒಂದು ಗುಂಪಿನವರು ತಮ್ಮ ತೊಂದರೆಗಳನ್ನು ಕಂಪ್ಯೂಟರಿನಲ್ಲಿ ನಿಯಮಿತವಾಗಿ ದಾಖಲಿಸುತ್ತಿದ್ದರು ಮತ್ತು ಯಾವುದಾದರೂ ತೊಂದರೆ ಉಲ್ಬಣಿಸಿದರೆ ನರ್ಸ್‌ಗೆ ಸೂಚನೆ ಹೋಗುತ್ತಿತ್ತು. ಉಳಿದವರು ಎಂದಿನಂತೆ ವೈದ್ಯರ ಭೇಟಿಯವರೆಗೆ ಕಾಯುತ್ತಿದ್ದರು. ಬದುಕಿದ ಅವಧಿಯ ಮಧ್ಯಾಂಕ, ಅಂದರೆ ಅರ್ಧದಷ್ಟು ರೋಗಿಗಳು ದಾಟಿದ ಅವಧಿ, ಮೊದಲ ಗುಂಪಿನಲ್ಲಿ 31.2 ತಿಂಗಳು, ಎರಡನೆಯದರಲ್ಲಿ 26 ತಿಂಗಳು. ಹೊಸ ಔಷಧಿಯೊಂದು ಇಷ್ಟು ವ್ಯತ್ಯಾಸ ತೋರಿಸಿದ್ದರೆ ಅದಕ್ಕೆ ಎಂಥ ಪ್ರಚಾರ ಸಿಗುತ್ತಿತ್ತೆಂದು ಊಹಿಸಬಹುದು. ಇಂಥ ಸಹಾಯವಾಣಿಗೆ ಬರುವ ಕರೆಯನ್ನು ತರಬೇತಿ ಪಡೆದ ನರ್ಸ್ ಎತ್ತಬೇಕು, ಕೈಯಲ್ಲಿ ರೋಗಿಯ ಕಡತವಿರಬೇಕು, ಮತ್ತು ತುರ್ತು ವಿಭಾಗಕ್ಕೆ ನೇರವಾಗಿ ಹೇಳುವ ಅಧಿಕಾರವಿರಬೇಕು. ಈ ಮೂರೂ ನಾನು ಬಳಸಿದ ಸೇವೆಯಲ್ಲಿದ್ದವು.

ನೋವು ಮತ್ತಿತರ ತೊಂದರೆಗಳನ್ನು ನೋಡಿಕೊಳ್ಳುವ ಚಿಕಿತ್ಸಾಲಯದ ಬಾಗಿಲ ಮೇಲೆ ‘ಉಪಶಾಮಕ ಆರೈಕೆ’ ಎಂದು ಬರೆದಿತ್ತು. ಅದನ್ನು ಓದಿದ ಕೂಡಲೇ ‘ನನ್ನದು ಮುಗಿಯಿತೇ’ ಎಂದು ಹಿಂದೆ ಸರಿದವರನ್ನು ಕಾಯುವ ಕೋಣೆಯಲ್ಲಿ ಕಂಡಿದ್ದೇನೆ. ಬ್ರಿಟನ್ನಿನ ವೈದ್ಯೆ ಸಿಸಿಲಿ ಸಾಂಡರ್ಸ್ 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಎಂಬ, ಸಾವಿನ ಅಂಚಿನಲ್ಲಿರುವವರ ಆರೈಕೆಯ ಕೇಂದ್ರವನ್ನು ತೆರೆದ ಕಾಲದಿಂದ ಈ ವೈದ್ಯಶಾಖೆ ಕೊನೆಯ ದಿನಗಳ ಜೊತೆ ಗುರುತಿಸಿಕೊಂಡು ಬಂದಿರುವುದರಿಂದ ಆ ಭಯ ಸಹಜವೇ. ಆದರೆ 2010ರಲ್ಲಿ ಪ್ರಕಟವಾದ ಬೋಸ್ಟನ್ನಿನ ಅಧ್ಯಯನವೊಂದರಲ್ಲಿ, ಮುಂದುವರಿದ ಶ್ವಾಸಕೋಶದ ಕ್ಯಾನ್ಸರ್ ಇದ್ದ 151 ರೋಗಿಗಳ ಪೈಕಿ, ರೋಗ ಪತ್ತೆಯಾದ ಹೊಸತರಲ್ಲೇ ಉಪಶಾಮಕ ಆರೈಕೆಯನ್ನೂ ಪಡೆದವರಲ್ಲಿ ಖಿನ್ನತೆ ಕಡಿಮೆಯಿತ್ತು, ದಿನನಿತ್ಯದ ಬದುಕು ಉತ್ತಮವಾಗಿತ್ತು, ಬದುಕಿದ ಅವಧಿಯ ಮಧ್ಯಾಂಕವೂ 8.9 ತಿಂಗಳಿನ ಬದಲು 11.6 ತಿಂಗಳಾಗಿತ್ತು. ಗುಣವಾಗುವ ನಿರೀಕ್ಷೆಯಿರುವ ರೋಗಿಗೂ ಬಾಯಿಹುಣ್ಣು, ಮಲಬದ್ಧತೆ, ನಿದ್ರಾಹೀನತೆ, ಮೂಳೆನೋವುಗಳಿಗೆ ಈ ವಿಭಾಗದ ವೈದ್ಯರಷ್ಟು ಸೂಕ್ಷ್ಮವಾಗಿ ಕಿವಿಗೊಡುವವರು ಸಿಗುವುದಿಲ್ಲ. ಕ್ಯಾನ್ಸರ್ ತಜ್ಞರಿಗೆ ಹೇಳಲು ಸಂಕೋಚಪಟ್ಟು ಬಿಟ್ಟ ಸಣ್ಣಪುಟ್ಟ ತೊಂದರೆಗಳೆಲ್ಲ ಅಲ್ಲಿ ನನ್ನ ಬಾಯಿಂದ ತಾವಾಗಿಯೇ ಹೊರಬಂದವು.

ಇನ್ನು ಫಿಸಿಯೋಥೆರಪಿ ವಿಭಾಗದ ವಿಷಯ. ಕಂಕುಳಿನ ದುಗ್ಧಗ್ರಂಥಿಗಳನ್ನು (ಲಿಂಫ್ ನೋಡ್) ತೆಗೆದವರಿಗೆ ಆ ಬದಿಯ ತೋಳು ಊದಿಕೊಳ್ಳುವ ಲಿಂಫೆಡಿಮಾ ಎಂಬ ತೊಂದರೆ ತಿಂಗಳುಗಳ ಮೇಲೆ, ಕೆಲವೊಮ್ಮೆ ವರ್ಷಗಳ ಮೇಲೆಯೂ ಕಾಣಿಸಿಕೊಳ್ಳಬಹುದು. ಇಲ್ಲಿನ ಫಿಸಿಯೋಥೆರಪಿಸ್ಟ್ ಪ್ರತಿ ಭೇಟಿಯಲ್ಲೂ ಮಣಿಕಟ್ಟಿನಿಂದ ಮೇಲಕ್ಕೆ ಸಮ ಅಂತರದಲ್ಲಿ ಪೆನ್ನಿನಿಂದ ಗುರುತು ಹಾಕಿ, ಎರಡೂ ತೋಳುಗಳ ಸುತ್ತಳತೆಯನ್ನು ಟೇಪಿನಲ್ಲಿ ತೆಗೆದು ಪಕ್ಕಪಕ್ಕದಲ್ಲಿ ಬರೆದಿಡುತ್ತಿದ್ದರು. ಟೇಪನ್ನು ಚರ್ಮಕ್ಕೆ ತಾಗಿಸಬೇಕು, ಒತ್ತಬಾರದು ಎಂದು ಹೇಳುತ್ತಲೇ ಅದನ್ನು ನನ್ನ ಕೈಯಲ್ಲೇ ಮಾಡಿಸಿ ಕಲಿಸಿದರು. ಉಂಗುರ ಬಿಗಿಯಾಗುವುದು, ರವಿಕೆಯ ತೋಳು ಒಂದು ಬದಿಯಲ್ಲಿ ಮಾತ್ರ ಬಿಗಿಹಿಡಿಯುವುದು, ತೋಳು ಭಾರವೆನಿಸುವುದು ಇವೆಲ್ಲ ಕಣ್ಣಿಗೆ ಊತ ಕಾಣುವ ಮೊದಲೇ ಗಮನಿಸಬೇಕಾದ ಸೂಚನೆಗಳೆಂಬುದನ್ನು ಯಾವ ಕರಪತ್ರದಿಂದಲೂ ನಾನು ಕಲಿತಿರಲಿಲ್ಲ.

ಆ ಕೈಯಲ್ಲಿ ಭಾರ ಎತ್ತಲೇಬಾರದೆಂಬ ಹಳೆಯ ಸಲಹೆಯನ್ನು ಬಂಧುಬಳಗದವರೆಲ್ಲ ಇಂದಿಗೂ ಪಠಿಸುತ್ತಾರೆ. 2009ರಲ್ಲಿ 141 ಮಹಿಳೆಯರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ ಪ್ರಕಟವಾದ ಮೇಲೂ ಆ ಸಲಹೆ ಹೇಗೆ ಉಳಿದುಕೊಂಡಿದೆಯೋ ತಿಳಿಯದು. ಆಗಲೇ ಲಿಂಫೆಡಿಮಾ ಇದ್ದವರು ಮೇಲ್ವಿಚಾರಣೆಯಲ್ಲಿ ತೂಕವನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸುತ್ತ ವಾರಕ್ಕೆ ಎರಡು ಬಾರಿ ವ್ಯಾಯಾಮ ಮಾಡಿದಾಗ ಊತ ಹೆಚ್ಚಲಿಲ್ಲ. ತೊಂದರೆ ಉಲ್ಬಣಿಸಿದವರ ಪ್ರಮಾಣ ವ್ಯಾಯಾಮ ಮಾಡಿದವರಲ್ಲಿ ಶೇಕಡ 14, ಮಾಡದವರಲ್ಲಿ ಶೇಕಡ 29. ಇದೇ ವಿಭಾಗದಲ್ಲಿ ಸುಸ್ತಿಗೆ ವಿಶ್ರಾಂತಿಯ ಬದಲು ನಡಿಗೆಯನ್ನು ಬರೆದುಕೊಟ್ಟಾಗ ನನಗೆ ಸ್ವಲ್ಪ ಸಿಟ್ಟೇ ಬಂದಿತ್ತು. ಕೀಮೋದ ಸುಸ್ತು ನಿದ್ದೆ ಮಾಡಿದರೆ ಹೋಗುವ ಸುಸ್ತಲ್ಲ, ಹಾಸಿಗೆಯಿಂದ ಎದ್ದು ಬಚ್ಚಲಿಗೆ ಹೋಗುವುದೇ ಒಂದು ದಿನದ ಕೆಲಸವೆನಿಸುತ್ತದೆ. ಆದರೂ ಸದ್ಯಕ್ಕೆ ಅದಕ್ಕಿರುವ ಅತ್ಯಂತ ಬಲವಾದ ಉಪಾಯ ವ್ಯಾಯಾಮವೇ. ತಜ್ಞರ ಅಂತರರಾಷ್ಟ್ರೀಯ ಸಮಿತಿಯೊಂದು 2019ರಲ್ಲಿ ನೀಡಿದ ಮಾರ್ಗಸೂಚಿಯಂತೆ ವಾರಕ್ಕೆ ಮೂರು ಬಾರಿ ಅರ್ಧ ಗಂಟೆಯಷ್ಟು ಉಸಿರು ತುಸು ಏರುವಂಥ ವ್ಯಾಯಾಮ ಮತ್ತು ಎರಡು ಬಾರಿ ಸ್ನಾಯು ಬಲಪಡಿಸುವ ವ್ಯಾಯಾಮ ಮಾಡಿದರೆ ಸುಸ್ತು, ಆತಂಕ, ಖಿನ್ನತೆ ಮೂರೂ ತಗ್ಗುತ್ತವೆ. ಅಷ್ಟನ್ನು ಮೊದಲ ವಾರವೇ ಮಾಡಲು ಯಾರಿಂದಲೂ ಆಗುವುದಿಲ್ಲ, ನನ್ನನ್ನು ಮನೆಯ ಬಾಗಿಲಿನಿಂದ ರಸ್ತೆಯ ತಿರುವಿನವರೆಗೆ ನಡೆಯುವುದರಿಂದ ಆರಂಭಿಸಿದರು.

2025ರಲ್ಲಿ ಬಂದ ಚಾಲೆಂಜ್ ಎಂಬ ಹೆಸರಿನ ಅಧ್ಯಯನದ ಸುದ್ದಿಯನ್ನು ಇಲ್ಲಿ ಸೇರಿಸದಿದ್ದರೆ ಈ ವಿಭಾಗಕ್ಕೆ ಅನ್ಯಾಯವಾದೀತು. ದೊಡ್ಡ ಕರುಳಿನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಮತ್ತು ಕೀಮೋ ಮುಗಿಸಿದ 889 ಜನರಲ್ಲಿ ಅರ್ಧದಷ್ಟು ಮಂದಿಗೆ ಮೂರು ವರ್ಷಗಳ ಕಾಲ ತರಬೇತುದಾರರ ನೆರವಿನೊಂದಿಗೆ ವ್ಯಾಯಾಮ ಮಾಡಿಸಲಾಯಿತು, ಉಳಿದವರಿಗೆ ಆರೋಗ್ಯ ಮಾಹಿತಿಯ ಪುಸ್ತಿಕೆ ಮಾತ್ರ ಕೊಡಲಾಯಿತು. ಎಂಟು ವರ್ಷಗಳ ಬಳಿಕ ಬದುಕಿದ್ದವರ ಪ್ರಮಾಣ ಮೊದಲ ಗುಂಪಿನಲ್ಲಿ ಶೇಕಡ 90.3, ಎರಡನೆಯದರಲ್ಲಿ ಶೇಕಡ 83.2. ಆ ಪುಸ್ತಿಕೆಯನ್ನೇ ಕೊಟ್ಟು ‘ವ್ಯಾಯಾಮ ಮಾಡಿ’ ಎಂದು ಕಳುಹಿಸುವ ಕೇಂದ್ರಗಳು ಎರಡನೆಯ ಗುಂಪಿನ ಆರೈಕೆಯನ್ನಷ್ಟೇ ಕೊಡುತ್ತಿವೆ ಎಂಬುದನ್ನು ಗಮನಿಸಬೇಕು. ನಾನು ಬಳಸಿದ ಕೇಂದ್ರದಲ್ಲಿ ಚಿಕಿತ್ಸೆ ನಡೆಯುವವರೆಗೆ ಮಾತ್ರ ಫಿಸಿಯೋಥೆರಪಿಸ್ಟ್ ಜೊತೆಗಿದ್ದರು, ಆಮೇಲೆ ಕೈಗೆ ಬಂದದ್ದು ಪುಸ್ತಿಕೆಯೇ.

ರೋಗಿಗಳ ಗುಂಪಿನ ಬಗ್ಗೆ ನನಗೆ ಆರಂಭದಲ್ಲಿ ಅನುಮಾನವಿತ್ತು, ಈಗ ಮಿಶ್ರ ಅಭಿಪ್ರಾಯವಿದೆ. ಇಂಥ ಗುಂಪುಗಳು ಆಯುಷ್ಯವನ್ನೇ ಹೆಚ್ಚಿಸುತ್ತವೆ ಎಂಬ ಮಾತಿಗೆ ಮೂಲ 1989ರಲ್ಲಿ ಅಮೆರಿಕದ ಮನೋವೈದ್ಯ ಡೇವಿಡ್ ಸ್ಪೀಗಲ್ ಪ್ರಕಟಿಸಿದ ಅಧ್ಯಯನ. ಹರಡಿದ ಸ್ತನ ಕ್ಯಾನ್ಸರ್ ಇದ್ದ 86 ಮಹಿಳೆಯರಲ್ಲಿ ವಾರವಾರ ಗುಂಪಿನಲ್ಲಿ ಸೇರಿದವರು ಸರಾಸರಿ ಸುಮಾರು ಒಂದೂವರೆ ವರ್ಷ ಹೆಚ್ಚು ಬದುಕಿದ್ದರು. ಆದರೆ 235 ಮಹಿಳೆಯರನ್ನು ಒಳಗೊಂಡು 2001ರಲ್ಲಿ ಪ್ರಕಟವಾದ ಇನ್ನೂ ದೊಡ್ಡ ಪರೀಕ್ಷೆಯಲ್ಲಿ ಆಯುಷ್ಯದಲ್ಲಿ ಯಾವ ವ್ಯತ್ಯಾಸವೂ ಕಾಣಲಿಲ್ಲ, ಮನಸ್ಸಿನ ಸಂಕಟ ಮತ್ತು ನೋವಿನ ಅನುಭವ ಮಾತ್ರ ಕಡಿಮೆಯಾದವು, ಅದೂ ಆರಂಭದಲ್ಲಿ ಹೆಚ್ಚು ಸಂಕಟದಲ್ಲಿದ್ದವರಲ್ಲಿ. ಸಂಕಟ ಮತ್ತು ನೋವು ತಗ್ಗುವುದೇ ಸಾಕಷ್ಟು ದೊಡ್ಡ ಫಲವಾಗಿರುವಾಗ ಅದರ ಮೇಲೆ ಆಯುಷ್ಯದ ಭರವಸೆಯನ್ನು ಹೇರುವುದು ನನಗೆ ಸರಿಕಾಣುವುದಿಲ್ಲ. ಹಾಗೆ ಹೇರಿದರೆ, ರೋಗ ಮರುಕಳಿಸಿದವರು ತಮ್ಮ ಮನೋಬಲವೇ ಸಾಲದೆ ಹೋಯಿತೆಂದು ನೊಂದುಕೊಳ್ಳಬೇಕಾಗುತ್ತದೆ.

ನಮ್ಮ ಗುಂಪನ್ನು ನಡೆಸುತ್ತಿದ್ದವರ ಸಾಮರ್ಥ್ಯ ನನಗೆ ಗೊತ್ತಾದದ್ದು ಒಂದು ಸಣ್ಣ ಪ್ರಸಂಗದಲ್ಲಿ. ಚಿಕಿತ್ಸೆ ಮುಗಿಸಿದವರೊಬ್ಬರು ‘ಧೈರ್ಯವಾಗಿದ್ದೆ, ಅದಕ್ಕೇ ಗೆದ್ದೆ’ ಎಂದಾಗ, ರೋಗ ಮರುಕಳಿಸಿ ಎರಡನೆಯ ಸಲ ಕೀಮೋಗೆ ಬಂದಿದ್ದ ಮಹಿಳೆಯೊಬ್ಬರು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಸುಮ್ಮನೆ ಕುಳಿತಿದ್ದರು. ಆಪ್ತಸಮಾಲೋಚಕರು ಮೊದಲನೆಯವರ ಸಂತೋಷಕ್ಕೆ ಭಂಗ ತರದೆ, ‘ನಿಮಗೆ ಧೈರ್ಯ ದಿನಗಳನ್ನು ಕಳೆಯಲು ನೆರವಾಯಿತು, ಗೆಡ್ಡೆಯ ಮೇಲೆ ಕೆಲಸ ಮಾಡಿದ್ದು ಔಷಧಿ’ ಎಂದು ಹೇಳಿ, ಎರಡನೆಯವರ ಕಡೆ ತಿರುಗಿ ‘ಈ ವಾರ ಹೇಗಿತ್ತು’ ಎಂದು ಕೇಳಿದರು. ಅಷ್ಟರಿಂದಲೇ ಆ ಮಹಿಳೆ ಮಾತಿಗೆ ಇಳಿದರು. ತರಬೇತಿಯಿಲ್ಲದ ಹಿತೈಷಿಯೊಬ್ಬರು ನಡೆಸುವ ಗುಂಪಿನಲ್ಲಿ ಅದೇ ಮಾತಿಗೆ ಚಪ್ಪಾಳೆ ಬೀಳುತ್ತಿತ್ತು. ಗುಂಪಿನ ದೋಷವೆಂದರೆ ರೋಗದ ಹಂತ ನೋಡದೆ ಎಲ್ಲರನ್ನೂ ಒಟ್ಟಿಗೆ ಕೂರಿಸುವುದು. ಈಗಷ್ಟೇ ರೋಗ ಪತ್ತೆಯಾದವರು ಮತ್ತು ಚಿಕಿತ್ಸೆಯ ಆಯ್ಕೆಗಳೇ ಮುಗಿದವರು ಒಂದೇ ವೃತ್ತದಲ್ಲಿ ಕುಳಿತರೆ ಇಬ್ಬರಿಗೂ ಮಾತು ಕಟ್ಟಿಹೋಗುತ್ತದೆ.

ವೈಯಕ್ತಿಕ ಆಪ್ತಸಮಾಲೋಚನೆಗೆ ಕಳುಹಿಸುವ ಮೊದಲು ಸೊನ್ನೆಯಿಂದ ಹತ್ತರವರೆಗಿನ ಅಳತೆಪಟ್ಟಿಯ ಚಿತ್ರವೊಂದನ್ನು ಕೊಟ್ಟು ಕಳೆದ ವಾರದ ಸಂಕಟವನ್ನು ಗುರುತಿಸಲು ಹೇಳುತ್ತಾರೆ. ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಗುರುತಿಸಿದರೆ ಮುಂದಿನ ವಿಚಾರಣೆ ನಡೆಯುತ್ತದೆ. ಪಟ್ಟಿಯ ಪಕ್ಕದಲ್ಲೇ ಮಕ್ಕಳ ಆರೈಕೆ, ಹಣ, ಕೆಲಸ, ದಾಂಪತ್ಯ, ನಿದ್ದೆ ಎಂದು ಗುರುತು ಹಾಕುವ ಚೌಕಗಳಿರುವುದರಿಂದ ಹೇಳಲಾಗದ ಎಷ್ಟೋ ಸಂಗತಿಗಳು ಪೆನ್ಸಿಲಿನ ಗೀಟಿನಲ್ಲಿ ಹೊರಬರುತ್ತವೆ. ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಮಲಗುವ ಕ್ರಮವನ್ನೇ ತಿದ್ದುವ ವರ್ತನಾ ಚಿಕಿತ್ಸೆಯನ್ನು ಆರಂಭಿಸಿದ್ದು ಸರಿಯಾದ ಕ್ರಮವಾಗಿತ್ತು. ಮನೆಯವರಿಗೆ ಮಾತ್ರ ಇಲ್ಲಿ ಜಾಗವಿಲ್ಲ. ಡ್ರೆಸ್ಸಿಂಗ್ ಬದಲಿಸುವುದು, ಮಾತ್ರೆಗಳ ಲೆಕ್ಕ ಇಡುವುದು, ರಾತ್ರಿ ಎದ್ದು ಕೂರುವುದು ಎಲ್ಲವನ್ನೂ ಮಾಡುವವರಿಗೆ ಒಂದು ಕುರ್ಚಿ ಕೊಟ್ಟು ಹೊರಗೆ ಕೂರಿಸುವುದು ಇಂಥ ಸೇವೆಗೆ ಶೋಭಿಸುವುದಿಲ್ಲ.

ಕೂದಲಿನ ವಿಷಯವನ್ನು ಚುಟುಕಾಗಿ ಹೇಳಬಹುದು. ಕೀಮೋ ಹೋಗುವಾಗ ತಲೆಗೆ ತೊಡಿಸುವ ತಂಪು ಟೋಪಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2015ರಲ್ಲಿ ಮೊದಲ ಬಾರಿಗೆ ಅನುಮತಿ ನೀಡಿತು. 2017ರ ಪರೀಕ್ಷೆಯೊಂದರಲ್ಲಿ ಅದನ್ನು ಬಳಸಿದ ಸ್ತನ ಕ್ಯಾನ್ಸರ್ ರೋಗಿಗಳಲ್ಲಿ ಅರ್ಧದಷ್ಟು ಜನರ ಕೂದಲು ಬಹುಮಟ್ಟಿಗೆ ಉಳಿದಿತ್ತು. ಅಂದರೆ ಉಳಿದರ್ಧ ಜನ ಗಂಟೆಗಟ್ಟಲೆ ತಲೆಯನ್ನು ಥಂಡಿಯಲ್ಲಿಟ್ಟೂ ಕೂದಲು ಕಳೆದುಕೊಂಡರು. ಈ ಲೆಕ್ಕವನ್ನು ಕೇಂದ್ರದವರು ಮೊದಲೇ ಪ್ರಾಮಾಣಿಕವಾಗಿ ಹೇಳಿದರು, ಅದು ಅವರ ಹೆಗ್ಗಳಿಕೆ.

ಅದೇ ಪ್ರಾಮಾಣಿಕತೆ ‘ಸ್ವಾಸ್ಥ್ಯ ಕೊಠಡಿ’ಯಲ್ಲಿ ಕಾಣಲಿಲ್ಲ. ಅಲ್ಲಿನ ಮಸಾಜ್ ಮತ್ತು ಧ್ಯಾನದ ಬಗ್ಗೆ ನನ್ನ ತಕರಾರಿಲ್ಲ. ಆತಂಕವನ್ನು ಇಳಿಸಲು ಧ್ಯಾನವೂ ಯೋಗವೂ ನೆರವಾಗುತ್ತವೆ ಎಂಬುದಕ್ಕೆ ಒಳ್ಳೆಯ ಆಧಾರವಿದೆ, ಮಸಾಜ್ ಮಾಡುವವರು ಊತವಿರುವ ತೋಳನ್ನೂ ರೇಡಿಯೇಶನ್ ಆದ ಚರ್ಮವನ್ನೂ ಮುಟ್ಟದಿರುವಷ್ಟು ತಿಳಿದವರಾಗಿದ್ದರು. ತಕರಾರಿರುವುದು ಅದೇ ಕೊಠಡಿಯ ಕಪಾಟಿನಲ್ಲಿ ‘ರೋಗನಿರೋಧಕ ಶಕ್ತಿಗೆ’ ಎಂಬ ಚೀಟಿಯಡಿ ಮಾರಾಟಕ್ಕಿಟ್ಟಿದ್ದ ಗಿಡಮೂಲಿಕೆಯ ಪುಡಿ ಮತ್ತು ಕ್ಯಾಪ್ಸೂಲ್‌ಗಳ ಬಗ್ಗೆ. ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆ ಇರಿನೊಟೆಕಾನ್, ಇಮಾಟಿನಿಬ್‌ನಂಥ ಕ್ಯಾನ್ಸರ್ ಔಷಧಿಗಳ ಪ್ರಮಾಣವನ್ನು ರಕ್ತದಲ್ಲಿ ತಗ್ಗಿಸುತ್ತದೆಂಬುದು ಹಳೆಯ ಸಂಗತಿ. ನಿರಪಾಯವೆಂದು ನುಂಗಿದ್ದು ಚಿಕಿತ್ಸೆಯ ಬಲವನ್ನೇ ಕುಗ್ಗಿಸಬಹುದು. ಮಾರುವವರು ‘ನೀವು ಯಾವ ಔಷಧಿ ತೆಗೆದುಕೊಳ್ಳುತ್ತಿದ್ದೀರಿ’ ಎಂದು ಕೇಳಿದ್ದನ್ನು ನಾನು ಒಮ್ಮೆಯೂ ಕೇಳಲಿಲ್ಲ. ಪೂರಕ ಆರೈಕೆ ಮತ್ತು ಬದಲಿ ಚಿಕಿತ್ಸೆಗಳ ನಡುವಿನ ಗೆರೆಯನ್ನು ಆಸ್ಪತ್ರೆಯೇ ಅಳಿಸಿದರೆ ರೋಗಿ ಅದನ್ನು ಎಲ್ಲಿ ಹುಡುಕಬೇಕು? ಗುಣಪಡಿಸಬಹುದಾದ ಹಂತದಲ್ಲಿದ್ದ ಕ್ಯಾನ್ಸರಿಗೆ ರೂಢಿಯ ಚಿಕಿತ್ಸೆಯನ್ನು ಬಿಟ್ಟು ಬದಲಿ ಪದ್ಧತಿಯನ್ನಷ್ಟೇ ನೆಚ್ಚಿದವರಲ್ಲಿ ಸಾವಿನ ಅಪಾಯ ಎರಡೂವರೆ ಪಟ್ಟು ಇತ್ತೆಂದು 2018ರಲ್ಲಿ ಪ್ರಕಟವಾದ ಅಮೆರಿಕದ ವಿಶ್ಲೇಷಣೆಯೊಂದು ತಿಳಿಸಿದೆ. ಆ ಕಪಾಟನ್ನು ತೆಗೆದು ಅಲ್ಲಿ ಒಬ್ಬ ಔಷಧತಜ್ಞರನ್ನು ಕೂರಿಸುವುದು ಹೆಚ್ಚು ಉಚಿತ.

ಈಗ ಚಿಕಿತ್ಸೆ ಮುಗಿದ ಮೇಲಿನ ಮಾತು. ಕೊನೆಯ ರೇಡಿಯೇಶನ್ ಆದ ದಿನ ಎಲ್ಲರೂ ಅಭಿನಂದಿಸುತ್ತಾರೆ, ಮನೆಯವರು ಹಗುರಾಗುತ್ತಾರೆ, ವಾರವಾರ ಮುಖ ನೋಡುತ್ತಿದ್ದ ವೈದ್ಯರು ತಿಂಗಳುಗಳ ನಂತರ ಬರಲು ಹೇಳುತ್ತಾರೆ. ಅದರ ಜೊತೆಗೇ ಬೆಂಬಲ ಸೇವೆಯ ಕಡತವೂ ಮುಚ್ಚುತ್ತದೆ. ಬೆರಳುಗಳ ಜೋಮು, ಹೇಳಲು ಹೊರಟ ಹೆಸರು ನಾಲಿಗೆಗೆ ಬಾರದ ಮರೆವು, ರೋಗ ಮರುಕಳಿಸದಂತೆ ಕೊಡುವ ಹಾರ್ಮೋನ್ ಮಾತ್ರೆಯಿಂದ ಬರುವ ಕೀಲುನೋವು, ಪ್ರತಿ ಸ್ಕ್ಯಾನಿನ ಹಿಂದಿನ ವಾರದ ನಿದ್ದೆಗೇಡು, ಸಣ್ಣ ಬೆನ್ನುನೋವಿಗೂ ‘ಮತ್ತೆ ಬಂತೇ’ ಎಂಬ ದಿಗಿಲು, ಇವೆಲ್ಲ ನನಗೆ ಕಾಣಿಸಿಕೊಂಡದ್ದು ಅಥವಾ ಉಳಿದುಕೊಂಡದ್ದು ಆ ದಿನದ ನಂತರವೇ. ಹಾರ್ಮೋನ್ ಮಾತ್ರೆಯನ್ನು ಐದರಿಂದ ಹತ್ತು ವರ್ಷ ನುಂಗಬೇಕಾಗುವಾಗ ‘ಚಿಕಿತ್ಸೆ ಮುಗಿಯಿತು’ ಎಂಬ ಮಾತೇ ಪೂರ್ತಿ ನಿಜವಲ್ಲ. ತಾವೇ ಕ್ಯಾನ್ಸರಿಗೆ ಒಳಗಾಗಿದ್ದ ವೈದ್ಯ ಫಿಟ್ಜ್‌ಹ್ಯೂ ಮಲ್ಲನ್, ಚಿಕಿತ್ಸೆಯ ನಂತರದ ಈ ಕಾಲವನ್ನು ತನ್ನದೇ ಆದ ಕಷ್ಟಗಳಿರುವ ಬೇರೊಂದು ಘಟ್ಟವೆಂದು 1985ರಲ್ಲೇ ಬರೆದಿದ್ದರು. ಪ್ರತಿ ರೋಗಿಗೂ ಪಡೆದ ಚಿಕಿತ್ಸೆಯ ಸಾರಾಂಶ ಮತ್ತು ಮುಂದಿನ ತಪಾಸಣೆಗಳ ಯೋಜನೆಯನ್ನು ಬರವಣಿಗೆಯಲ್ಲಿ ಕೊಡಬೇಕೆಂದು ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2005ರಲ್ಲಿ ಶಿಫಾರಸು ಮಾಡಿತ್ತು. ನನಗೆ ಅಂಥ ಕಾಗದ ಸಿಗಲಿಲ್ಲ. ಯಾವ ಔಷಧಿ ಎಷ್ಟು ಪ್ರಮಾಣದಲ್ಲಿ ಹೋಯಿತು, ಅದರಲ್ಲಿ ಹೃದಯಕ್ಕೆ ತಾಗುವಂಥದು ಯಾವುದು, ಮೂಳೆ ಸಾಂದ್ರತೆಯ ಪರೀಕ್ಷೆ ಯಾವಾಗ ಎಂಬುದನ್ನೆಲ್ಲ ನಾನೇ ಡಿಸ್ಚಾರ್ಜ್ ಚೀಟಿಗಳಿಂದ ಹೆಕ್ಕಿ ಬರೆದುಕೊಂಡು ಕುಟುಂಬ ವೈದ್ಯರಿಗೆ ಕೊಡಬೇಕಾಯಿತು. ಸಹಾಯವಾಣಿಗೆ ಕರೆ ಮಾಡಿದರೆ ‘ನೀವು ಈಗ ಚಿಕಿತ್ಸೆಯಲ್ಲಿಲ್ಲ, ಹೊಸದಾಗಿ ವೈದ್ಯರ ಪತ್ರ ತನ್ನಿ’ ಎಂಬ ಉತ್ತರ ಬಂತು.

1996ರಲ್ಲಿ ಎಡಿನ್‌ಬರಾದಲ್ಲಿ ಆರಂಭವಾದ ಮ್ಯಾಗೀಸ್ ಕೇಂದ್ರಗಳು ಈ ಸಮಸ್ಯೆಯನ್ನು ಬೇರೆ ರೀತಿಯಲ್ಲಿ ನೋಡಿವೆ. ಕ್ಯಾನ್ಸರಿಗೆ ಬಲಿಯಾದ ಮ್ಯಾಗಿ ಕೆಸ್ವಿಕ್ ಜೆಂಕ್ಸ್ ಅವರ ಕಲ್ಪನೆಯಂತೆ ಕಟ್ಟಲಾದ ಈ ಕೇಂದ್ರಗಳು ಆಸ್ಪತ್ರೆಯ ಅಂಗಳದಲ್ಲೇ ಇದ್ದರೂ ಅದರ ಆಡಳಿತಕ್ಕೆ ಒಳಪಟ್ಟಿಲ್ಲ. ಶುಲ್ಕವಿಲ್ಲ, ವೈದ್ಯರ ಪತ್ರ ಬೇಕಿಲ್ಲ, ರೋಗಿಯೂ ಮನೆಯವರೂ ಯಾವ ಹಂತದಲ್ಲಾದರೂ ಒಳಗೆ ಬರಬಹುದು, ಕೌಂಟರಿನ ಬದಲು ಅಡುಗೆಮನೆಯ ಮೇಜು ಎದುರಾಗುತ್ತದೆ. ಅಂಥ ಕಟ್ಟಡ ಎಲ್ಲೆಡೆ ಸಾಧ್ಯವಾಗದಿರಬಹುದು, ಪತ್ರ ಕೇಳದಿರುವ ನಿಯಮವಂತೂ ಎಲ್ಲೆಡೆಯೂ ಸಾಧ್ಯ.

ಈ ಕೊರತೆಗಳಿದ್ದರೂ ಕ್ಯಾನ್ಸರ್ ಪತ್ತೆಯಾದವರಿಗೆ ಇಂಥ ಸೇವೆಗೆ ಹೆಸರು ನೋಂದಾಯಿಸಲು ನಾನು ಹೇಳುತ್ತೇನೆ, ಅದೂ ತೊಂದರೆ ಬರುವ ಮೊದಲೇ. ನೋಂದಾಯಿಸುವಾಗಲೇ ಸಹಾಯವಾಣಿಯ ಕರೆಯನ್ನು ರಾತ್ರಿಯೂ ನರ್ಸ್ ಎತ್ತುತ್ತಾರೆಯೇ, ಗುಂಪನ್ನು ನಡೆಸುವವರ ಓದು ಏನು, ಮನೆಯವರಿಗೆ ಏನಿದೆ, ಚಿಕಿತ್ಸೆಯ ಸಾರಾಂಶವನ್ನು ಯಾರು ಬರೆದುಕೊಡುತ್ತಾರೆ, ಕೊನೆಯ ಕೀಮೋ ಆದ ಮೇಲೆ ಎಷ್ಟು ಕಾಲ ಬರಬಹುದು ಎಂದು ಕೇಳಿ, ಉತ್ತರವನ್ನು ಬರೆದುಕೊಳ್ಳಿ. ಸ್ತನದ ಶಸ್ತ್ರಚಿಕಿತ್ಸೆ ಇನ್ನೂ ಆಗಿಲ್ಲದಿದ್ದರೆ ಅದಕ್ಕೆ ಮುಂಚೆಯೇ ಫಿಸಿಯೋಥೆರಪಿಸ್ಟ್‌ರನ್ನು ಕಂಡು ಎರಡೂ ತೋಳುಗಳ ಅಳತೆ ತೆಗೆಸಿಕೊಳ್ಳಿ. ಎರಡೂ ತೋಳುಗಳ ಸುತ್ತಳತೆ ಮೊದಲಿನಿಂದಲೇ ತುಸು ಬೇರೆಯಾಗಿರುವುದು ಸಾಮಾನ್ಯ. ಆಮೇಲೆ ಕಾಣುವ ಅರ್ಧ ಸೆಂಟಿಮೀಟರಿನ ವ್ಯತ್ಯಾಸ ಹಳೆಯದೋ ಹೊಸದೋ ಎಂಬುದನ್ನು ಮುಂಚಿನ ಅಳತೆಯಿಲ್ಲದೆ ಯಾರೂ ಖಚಿತವಾಗಿ ಹೇಳಲಾರರು.